ಪದ ಪರಿಚಯ: ‘ಓನರ್ಸ್ ರಿಸ್ಕ್’

ಬೆಂಗಳೂರಿನ ಕಲಾಸಿಪಾಳ್ಯದ ಲಾರಿ ಕಚೇರಿಯಲ್ಲಿ ಪಾರ್ಸೆಲ್ ಬುಕ್ ಮಾಡಿದರೆ ಕೈಗೆ ಒಂದು ತೆಳು ಹಾಳೆ ಬರುತ್ತದೆ. ಎಲ್.ಆರ್., ಅಂದರೆ ಲಾರಿ ರಸೀದಿ. ಅದರ ಮೂಲೆಯಲ್ಲಿ ಓರೆಯಾಗಿ ಒತ್ತಿದ ಮೊಹರು ‘ಓನರ್ಸ್ ರಿಸ್ಕ್’. ಮಾಲು ಹಾಳಾದರೆ ಒಡೆಯನೇ ಹೊಣೆ ಎಂಬುದು ಅದರ ನೇರ ಅರ್ಥ. ಗುಮಾಸ್ತರು ಓದುವುದೂ ಹಾಗೆಯೇ. ಬಟ್ಟೆಯ ಮೂಟೆ ಕಳುಹಿಸುವವರು ಈ ಮೊಹರಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ, ಹಳೆಯ ಜೀಪಿನ ಡೀಸೆಲ್ ಎಂಜಿನ್ ಒಂದನ್ನು ಶಿರಸಿಯ ಭಟ್ಟರಿಗೆ ಮಾರಿ ಕಳುಹಿಸುವವರೆಗೆ.

ಎಂಜಿನ್ ಎಂದರೆ ಸುಮಾರು ಎರಡು ಕ್ವಿಂಟಲ್ ಕಬ್ಬಿಣ. ಆದರೆ ಅದರ ಹೊಟ್ಟೆ ಮಾತ್ರ ಬಲು ನಾಜೂಕು. ತಳದಲ್ಲಿ ಎಣ್ಣೆ ನಿಲ್ಲುವ ಸಂಪ್ ತೆಳು ತಗಡಿನದು ಇಲ್ಲವೇ ಅಲ್ಯೂಮಿನಿಯಂ ಎರಕದ್ದು. ಇಡೀ ಭಾರವನ್ನು ಅದರ ಮೇಲೆ ಕೂರಿಸಿದರೆ ತಗಡು ನಗ್ಗುತ್ತದೆ, ಎರಕ ಸೀಳುತ್ತದೆ. ಗುಜರಿಯವರು ಹಳೆಯ ಟೈರಿನೊಳಗೆ ಎಂಜಿನ್ ಕೂರಿಸಿ ಕಳುಹಿಸುವುದುಂಟು. ಗೋಡೌನಿನಿಂದ ಗೋಡೌನಿಗೆ ಅದು ನಡೆದೀತು, ಆದರೆ ದಾರಿಯಲ್ಲಿ ಲಾರಿ ಬದಲಾದರೆ ಹಮಾಲರು ಟೈರನ್ನು ಅಲ್ಲೇ ಬಿಟ್ಟು ಎಂಜಿನ್ ಒಂದನ್ನೇ ಹಾರೆಯಿಂದ ಮೀಟುತ್ತಾರೆ. ಸರಿಯಾದ ದಾರಿ ಎಂದರೆ ದಪ್ಪ ಮರದ ಚೌಕಟ್ಟು: ಮೌಂಟಿಂಗ್ ತೂತುಗಳಲ್ಲೇ ಬೋಲ್ಟ್ ಹಾಕಿ ಎಂಜಿನ್ನನ್ನು ಮರಕ್ಕೆ ಬಿಗಿಯಬೇಕು, ಸಂಪ್ ನೆಲದಿಂದ ನಾಲ್ಕು ಬೆರಳು ಮೇಲೆ ತೂಗಬೇಕು. ಆಲ್ಟರ್ನೇಟರ್, ಸೆಲ್ಫ್ ಮೋಟಾರ್ ಬಿಚ್ಚಿ ಬೇರೆ ಡಬ್ಬಕ್ಕೆ. ಎಣ್ಣೆ, ನೀರು ಪೂರ್ತಿ ಖಾಲಿ. ಗಾಳಿ ಎಳೆಯುವ ಮತ್ತು ಹೊಗೆ ಬಿಡುವ ಬಾಯಿಗಳಿಗೆ ಬಿರಡೆ.

ನಾನು ಟೈರನ್ನೇ ನಂಬಿದ್ದೆ. ಮೂರನೆಯ ದಿನ ಶಿರಸಿಯಿಂದ ಫೋನು: “ರಾಯರೇ, ನೀವು ಕಳುಹಿಸಿದ್ದು ಎಂಜಿನ್ನೋ ಎಣ್ಣೆಗಾಣವೋ?” ಸಂಪ್ ಸೀಳಿತ್ತು. ಖಾಲಿ ಮಾಡಿದೆ ಎಂದುಕೊಂಡಿದ್ದ ಎಣ್ಣೆ ಪಕ್ಕದ ಅಕ್ಕಿ ಮೂಟೆಗೂ ಇಳಿದಿತ್ತು. ಲಾರಿ ಕಚೇರಿಯವರು ಮಾತಾಡದೆ ಮೊಹರಿನ ಮೇಲೆ ಬೆರಳಿಟ್ಟರು.

ಅಲ್ಲಿಂದ ನನ್ನ ತಕರಾರು ಶುರು. ಮೊದಲಿಗೆ, ಈ ‘ಓನರ್’ ಯಾರು? 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ ಮಾರಿದವನು ಮಾಲನ್ನು ಸಾಗಣೆದಾರನಿಗೆ ಒಪ್ಪಿಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಕೊಂಡವನಿಗೇ ಒಪ್ಪಿಸಿದಂತೆ. ಹಾಗಾದರೆ ಒಡೆಯ ನಾನಲ್ಲ. ನಾನೂರು ಕಿಲೋಮೀಟರ್ ದೂರದಲ್ಲಿ, ಮೊಹರನ್ನು ಕಂಡೂ ಇರದ ಭಟ್ಟರು! ಇದನ್ನು ಓದಿ ಒಂದು ಗಳಿಗೆ ಹಾಯೆನಿಸಿದ್ದು ನಿಜ. ಅದೇ ಕಲಮಿನ ಮುಂದಿನ ಸಾಲು ಆ ಹಾಯನ್ನು ಕಿತ್ತುಕೊಂಡಿತು: ಮಾಲಿಗೆ ತಕ್ಕ ಒಪ್ಪಂದವನ್ನು ಮಾರಿದವನು ಸಾಗಣೆದಾರನೊಂದಿಗೆ ಮಾಡಿಕೊಳ್ಳದೆ ಹೋದರೆ, ದಾರಿಯಲ್ಲಿ ಆದ ನಷ್ಟಕ್ಕೆ ಕೊಂಡವನು ಮಾರಿದವನನ್ನೇ ಹಿಡಿಯಬಹುದು.

ಎರಡನೆಯದು, ಮೊಹರು ಒತ್ತಿದ ಮಾತ್ರಕ್ಕೆ ಲಾರಿಯವರು ಕೈತೊಳೆದುಕೊಳ್ಳುವಂತಿಲ್ಲ. ‘ಓನರ್ಸ್ ರಿಸ್ಕ್’ ಎಂದಿದ್ದರೂ ಸಾಗಣೆದಾರನ ನಿರ್ಲಕ್ಷ್ಯಕ್ಕೆ ಅದು ರಕ್ಷೆಯಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಹೇಳಿದೆ. ಅದು 1865ರ ಸಾಗಣೆದಾರರ ಕಾಯ್ದೆಯ ಕಾಲ. ಈಗಿರುವುದು 2007ರ ರಸ್ತೆ ಸಾಗಣೆ ಕಾಯ್ದೆ, ಜಾರಿಗೆ ಬಂದದ್ದು 2011ರಲ್ಲಿ. ನಿರ್ಲಕ್ಷ್ಯವನ್ನು ದಾವೆ ಹೂಡಿದವರೇ ರುಜುವಾತು ಮಾಡಬೇಕಿಲ್ಲ ಎಂಬ ಹಳೆಯ ನಿಯಮ ಇದರಲ್ಲೂ ಉಳಿದಿದೆ. ಆದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಕಚ್ಚುವುದು ಮೊಹರಲ್ಲ, ಲೆಕ್ಕ. ಹೆಚ್ಚಿನ ಹೊಣೆ ಹೊರಲು ಲಾರಿಯವರು ಕೇಳುವ ‘ಹೆಚ್ಚಿನ ಅಪಾಯದ ದರ’ ಕೊಡಲು ಒಪ್ಪದೆ ಮಾಮೂಲು ಬಾಡಿಗೆಯಲ್ಲಿ ಕಳುಹಿಸಿದರೆ ಪರಿಹಾರಕ್ಕೆ ಮಿತಿಯುಂಟು: ಬಾಡಿಗೆಯ ಹತ್ತರಷ್ಟು, ಅದೂ ನಾವು ಬರೆಸಿದ ಮೌಲ್ಯವನ್ನು ಮೀರದಂತೆ. ಬಾಡಿಗೆ 1,500 ಆದರೆ 15,000ಕ್ಕೇ ನಿಲ್ಲುತ್ತದೆ, ಎಂಜಿನ್ನಿಗೆ 40,000 ಎಣಿಸಿದ್ದರೂ ಅಷ್ಟೇ. ಮೌಲ್ಯದ ಕಾಲಮ್ಮಿನಲ್ಲಿ ‘ಹಳೆ ಕಬ್ಬಿಣ, 2,000’ ಎಂದು ಬರೆಸುವ ಜಾಣರಿಗೆ ಸಿಗುವುದು ಆ ಎರಡು ಸಾವಿರವೇ. ನಾನು ಬರೆಸಿದ್ದು ಐದು ಸಾವಿರ. ಹೊಸ ಸಂಪ್ ಕೊಡಿಸಿ ಭಟ್ಟರ ಮುಂದೆ ತಲೆತಗ್ಗಿಸಿದೆ.

ಮುಂದಿನ ಸಲ ಎಲ್.ಆರ್.ನಲ್ಲಿ ‘ಜೀಪಿನ ಹಳೆಯ ಎಂಜಿನ್, ಮರದ ಚೌಕಟ್ಟಿನಲ್ಲಿ’ ಎಂದು ಬರೆಸಿ, ಪಕ್ಕದಲ್ಲಿ ಬ್ಲಾಕಿನ ಮೇಲೆ ಕೊರೆದಿರುವ ಎಂಜಿನ್ ಸಂಖ್ಯೆ, ತೂಕ, ನಿಜವಾದ ಬೆಲೆ ಎಲ್ಲವನ್ನೂ ಸೇರಿಸಿದೆ. ಗುಮಾಸ್ತರು ಎಂದಿನಂತೆ ಮೊಹರಿಗೆ ಕೈ ಹಾಕಿದರು. “ಅದು ಬೇಡ ಸ್ವಾಮಿ, ಹೆಚ್ಚಿನ ದರ ಎಷ್ಟು ಹೇಳಿ, ಕೊಡುತ್ತೇನೆ” ಎಂದೆ. ಅವರು ನನ್ನನ್ನೊಮ್ಮೆ, ಮೊಹರನ್ನೊಮ್ಮೆ ನೋಡಿ, ಆ ದರ ಎಷ್ಟೆಂದು ಕೇಳಿಕೊಂಡು ಬರಲು ಒಳಗೆ ಹೋದರು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ.