ಮೈಸೂರಿಗೆ ಸೈಕಲ್ ಬಂತು, ದಾರಿ ಯಾಕೆ ಬರಲಿಲ್ಲ?

2017ರ ಜೂನ್ 4ರಂದು ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಉದ್ಘಾಟನೆ ಮಾಡಿದ್ದರು. 450 ಸೈಕಲ್, 48 ನಿಲ್ದಾಣ, ಸುಮಾರು 20.5 ಕೋಟಿ ರೂಪಾಯಿಯ ಯೋಜನೆ. ಸಾರ್ವಜನಿಕ ಸೈಕಲ್ ಹಂಚಿಕೆಯಲ್ಲಿ ದೇಶಕ್ಕೇ ಮೊದಲು ಎಂದು ಆಗ ಎಲ್ಲ ಕಡೆ ಹೆಸರಾಯಿತು. ಇವತ್ತು ಅದರ ಬಗ್ಗೆ ಕೇಳಿದರೆ ಹೆಚ್ಚಿನವರು "ಜನಕ್ಕೆ ಸೈಕಲ್ ಬೇಡ ಬಿಡಿ" ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಜನ ಬೇಡ ಅಂದಿದ್ದು ಸೈಕಲ್ಲನ್ನಲ್ಲ, ಬಸ್ಸು ಕಾರುಗಳ ಮಧ್ಯೆ ಜೀವ ಕೈಯಲ್ಲಿ ಹಿಡಿದು ಓಡಿಸುವುದನ್ನು. ಇದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2017ಕ್ಕಲ್ಲ, ನೂರು ವರ್ಷಕ್ಕೂ ಹಿಂದಕ್ಕೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮೈಸೂರಿಗೆ ಪ್ಲೇಗ್ ಬಂತು. ಕೋಟೆಯೊಳಗಿನ, ಹಳೇ ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತರು. ಆಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1903ರಲ್ಲಿ, ಊರನ್ನು ಸರಿಮಾಡಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಇರುವ ಬಡಾವಣೆ, ಅಗಲವಾದ ರಸ್ತೆ, ರಸ್ತೆ ಪಕ್ಕ ಮರ, ಮನೆಗಳ ಹಿಂದೆ ಕಸ ಮತ್ತು ಮಲ ಸಾಗಿಸಲು ಒಂದು ಸಣ್ಣ ಓಣಿ. ಆ ಓಣಿಯನ್ನು ನಾವು ಈಗಲೂ ಕನ್ಸರ್ವೆನ್ಸಿ ಅಂತಲೇ ಕರೆಯುತ್ತೇವೆ. ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಒಮ್ಮೆ ನಡೆದು ನೋಡಿ, ಈ ಲೆಕ್ಕಾಚಾರ ಈಗಲೂ ಕಾಣುತ್ತದೆ.

ಆ ಊರು ನಡೆಯುವವರ ಊರು. ಅರಮನೆ, ದೇವರಾಜ ಮಾರುಕಟ್ಟೆ, ಕೆ.ಆರ್. ಆಸ್ಪತ್ರೆ, ಮಹಾರಾಜ ಕಾಲೇಜು, ರೈಲ್ವೆ ಸ್ಟೇಷನ್ ಎಲ್ಲವೂ ಒಂದರಿಂದ ಒಂದಕ್ಕೆ ನಡೆದೇ ಹೋಗಬಹುದಾದ ದೂರದಲ್ಲಿವೆ. ಸಾಮಾನು ಇದ್ದರೆ, ಮನೆಯಲ್ಲಿ ವಯಸ್ಸಾದವರಿದ್ದರೆ ಟಾಂಗಾ. ಆಮೇಲೆ ಸೈಕಲ್ ಬಂತು. ಚಾಮುಂಡಿ ಬೆಟ್ಟ ಬಿಟ್ಟರೆ ಊರು ಬಹುಮಟ್ಟಿಗೆ ಸಮತಟ್ಟು, ಬಿಸಿಲೂ ಅಷ್ಟು ಸುಡುವುದಿಲ್ಲ, ಹಾಗಾಗಿ ಮೇಷ್ಟ್ರು, ಗುಮಾಸ್ತರು, ಕಾಲೇಜು ಹುಡುಗರು, ಹಾಲಿನವರು, ಪೇಪರ್ ಹಾಕುವವರು ಎಲ್ಲರಿಗೂ ಅದೇ ಗಾಡಿಯಾಯಿತು. ಸ್ವಂತ ಸೈಕಲ್ ಇಲ್ಲದವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುವ ಅಂಗಡಿಗಳಿದ್ದವು. ಪರಿಚಯದವರಾದರೆ ಸಾಕು, ಹೆಸರು ಬರೆದುಕೊಂಡು ಕೊಡುತ್ತಿದ್ದರು. ಸ್ಮಾರ್ಟ್ ಕಾರ್ಡ್ ಇಲ್ಲದ ಟ್ರಿಣ್ ಟ್ರಿಣ್ ಅದು ಅನ್ನಬಹುದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಕಾಲದಲ್ಲಿ ನಮ್ಮ ಊರುಗಳ ಮುನಿಸಿಪಾಲಿಟಿಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದವು. ಕಟ್ಟಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು, ಅದನ್ನು ಸೈಕಲ್ಲಿಗೆ ಹಾಕಿಕೊಂಡಿರಬೇಕು. ರಾತ್ರಿ ಲೈಟ್ ಇಲ್ಲದೆ ಹೋದರೆ, ಡಬಲ್ ರೈಡಿಂಗ್ ಮಾಡಿದರೆ ಪೊಲೀಸರು ಹಿಡಿಯುತ್ತಿದ್ದರು. ಕಿರಿಕಿರಿ ಇತ್ತು, ನಿಜ. ಆದರೆ ಸರ್ಕಾರದ ಕಣ್ಣಿಗೆ ಸೈಕಲ್ ಕೂಡ ಒಂದು ವಾಹನವಾಗಿತ್ತು, ಎಷ್ಟಿವೆ ಅಂತ ಒಂದು ಲೆಕ್ಕವಿತ್ತು. ಆ ತೆರಿಗೆ, ಬಿಲ್ಲೆ ಹೋದ ಮೇಲೆ ಸೈಕಲ್ ಕಡತಗಳಿಂದಲೇ ಮಾಯವಾಯಿತು. ಸ್ಕೂಟರು, ಕಾರು ಆರ್‌ಟಿಒದಲ್ಲಿ ನೋಂದಣಿ ಆಗುತ್ತವೆ, ವರ್ಷಕ್ಕೆ ಎಷ್ಟು ಜಾಸ್ತಿ ಆದವು ಅಂತ ಗೊತ್ತಾಗುತ್ತದೆ, ಅದನ್ನು ತೋರಿಸಿ ರಸ್ತೆ ಅಗಲ ಮಾಡಿ ಅಂತ ಕೇಳಬಹುದು. ನಡೆಯುವವರದ್ದು, ಸೈಕಲ್ ತುಳಿಯುವವರದ್ದು ಅಂಥ ಲೆಕ್ಕ ಯಾರ ಮೇಜಿನ ಮೇಲೂ ಬರುವುದಿಲ್ಲ. ಸಭೆಗಳಲ್ಲಿ ಅವರ ಮಾತು ಏಳದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಮೋಟಾರು ಬೈಕು ಮೈಸೂರಿಗೆ ಹೊರಗಿನಿಂದ ಬಂದದ್ದಷ್ಟೇ ಅಲ್ಲ, ಇಲ್ಲೇ ತಯಾರಾಗುತ್ತಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಮೊದಲಿನಿಂದ ಜಾವಾ, ಆಮೇಲೆ ಯೆಜ್ಡಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಬೈಕುಗಳ ಮೇಲೆ ಊರಿಗೆ ಈಗಲೂ ಪ್ರೀತಿ ಇದೆ, ಇರಲಿ. ಆದರೆ ಬೈಕುಗಳಿಗಿಂತ ಹೆಚ್ಚಾಗಿ ಮೈಸೂರನ್ನು ಬದಲಿಸಿದ್ದು ದೂರ. 1988ರಲ್ಲಿ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂತು. ವಿಜಯನಗರ, ದಟ್ಟಗಳ್ಳಿ, ಜೆ.ಪಿ. ನಗರ ಅಂತ ಊರು ಹೊರಗೆ ಹೊರಗೆ ಹರಡಿತು. ಸುತ್ತಲೂ ರಿಂಗ್ ರಸ್ತೆ ಆಯಿತು. ಹಳೇ ಬಡಾವಣೆಯಲ್ಲಿ ಮನೆಯಿಂದ ಶಾಲೆಗೆ ಹತ್ತು ನಿಮಿಷ ನಡೆದರೆ ಸಾಕಿತ್ತು. ಹೊಸ ಬಡಾವಣೆಯಲ್ಲಿ ಸೈಟು ಹಂಚಿದ್ದು ಮೊದಲು, ಶಾಲೆ, ಮಾರುಕಟ್ಟೆ, ಬಸ್ಸು ಎಲ್ಲ ಆಮೇಲೆ. ಅಷ್ಟರಲ್ಲಿ ಪ್ರತಿ ಮನೆಗೆ ಒಂದು ಸ್ಕೂಟರ್ ಬಂದಾಗಿತ್ತು.

2006ರ ಸುಮಾರಿಗೆ ಗಾಳಿ ಸ್ವಲ್ಪ ತಿರುಗಿತು. ಆ ವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂದಿತು. ಮುಖ್ಯವಾಗಬೇಕಾದದ್ದು ವಾಹನಗಳ ಓಡಾಟ ಅಲ್ಲ, ಜನರ ಓಡಾಟ ಎಂದು ಅದು ಹೇಳಿತು. ರಾಜ್ಯದಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಶುರುವಾಯಿತು. 2006-07ರಿಂದಲೇ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದರು. ನಮ್ಮ ರಾಜ್ಯದಲ್ಲಿ ಸೈಕಲ್ ವಿಷಯದಲ್ಲಿ ನಡೆದ ಅತಿ ದೊಡ್ಡ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ಮೈಸೂರು, ಮಂಡ್ಯದ ಹಳ್ಳಿ ರಸ್ತೆಗಳಲ್ಲಿ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋದ ಆ ವರ್ಷಗಳನ್ನು ನೋಡಿದವರು "ಜನಕ್ಕೆ ಸೈಕಲ್ ಬೇಡ" ಎಂದು ಹೇಳಲಾರರು. ಆ ಯೋಜನೆ ಕೋವಿಡ್ ಹೊತ್ತಿಗೆ ನಿಂತುಹೋಯಿತು.

ನಗರದೊಳಗೆ ಜೆನರ್ಮ್ ಎಂಬ ಕೇಂದ್ರದ ನಗರಾಭಿವೃದ್ಧಿ ಯೋಜನೆಯ ಹಣ ಬಂತು. ಹೊಸ ಬಸ್ಸು, ಹೊಸ ಬಸ್ ನಿಲ್ದಾಣಗಳಾದವು. ಜಂಬೂಸವಾರಿ ಹೋಗುವ ದಾರಿಗೆ ರಾಜಮಾರ್ಗ ಯೋಜನೆ ಅಂತ ಮಾಡಿ, ಕಲ್ಲು ಹಾಸಿ, ಅಲಂಕಾರದ ದೀಪದ ಕಂಬ ನಿಲ್ಲಿಸಿ, ಫುಟ್‌ಪಾತ್ ಚೆಂದ ಮಾಡಿದರು. ಆದರೆ ಸಯ್ಯಾಜಿರಾವ್ ರಸ್ತೆಯ ಮೇಲೆ ದಸರಾ ಮೆರವಣಿಗೆ ವರ್ಷಕ್ಕೆ ಒಂದು ದಿನ. ರಾಮಕೃಷ್ಣನಗರದ ಅಜ್ಜಿ ಔಷಧಿ ಅಂಗಡಿಗೆ ಹೋಗುವ ರಸ್ತೆಗೆ ಯಾವ ಯೋಜನೆಯೂ ಬರಲಿಲ್ಲ. ನಡೆಯುವವರಿಗಾಗಿ ಮಾಡಿದ ಕೆಲಸ ಪ್ರವಾಸಿಗಳು ನೋಡುವ ಜಾಗದಲ್ಲೇ ನಿಂತುಬಿಡುವುದು ನಮ್ಮೂರಿನ ಹಳೇ ಅಭ್ಯಾಸ.

ಟ್ರಿಣ್ ಟ್ರಿಣ್ ಬಂದದ್ದು ಈ ಹಿನ್ನೆಲೆಯಲ್ಲಿ. ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಬ್ಯಾಂಕ್ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಗೆ ದೇಶದ ಕೆಲವು ಊರುಗಳನ್ನು ಆರಿಸಿದ್ದರು, ಮೈಸೂರು ಅದರಲ್ಲಿ ಒಂದು. ಸಿಟಿ ಬಸ್ಸುಗಳಿಗೆ ಜಿಪಿಎಸ್ ಹಾಕಿ, ನಿಲ್ದಾಣದಲ್ಲಿ ಬಸ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಫಲಕ ಹಾಕಿದ್ದು ಇದೇ ಹಣದಲ್ಲಿ, 2012ರಲ್ಲಿ. ಅದರ ಮುಂದಿನ ಹೆಜ್ಜೆ ಸೈಕಲ್. ಯೋಚನೆ ತುಂಬ ಸರಿಯಾಗಿತ್ತು. ಬಸ್ಸಿಳಿದ ಮೇಲೆ ಮನೆ ಅಥವಾ ಆಫೀಸು ಇನ್ನೂ ಒಂದೆರಡು ಕಿಲೋಮೀಟರ್ ಇರುತ್ತದಲ್ವಾ? ಆ ಕೊನೆಯ ತುಂಡಿಗೆ ಸೈಕಲ್. ಶುರುವಿನಲ್ಲಿ ಸದಸ್ಯತ್ವಕ್ಕೆ 360 ರೂಪಾಯಿ ಇತ್ತು, ಅದರಲ್ಲಿ 250 ವಾಪಸ್ ಬರುವ ಠೇವಣಿ. ಒಂದು ಕಾರ್ಡ್ ಕೊಡುತ್ತಿದ್ದರು, ನಿಲ್ದಾಣದಲ್ಲಿ ತೋರಿಸಿದರೆ ಬೀಗ ಬಿಚ್ಚುತ್ತಿತ್ತು, ಇನ್ನೊಂದು ನಿಲ್ದಾಣದಲ್ಲಿ ಬಿಟ್ಟರೆ ಆಗುತ್ತಿತ್ತು. ವಿದ್ಯಾರ್ಥಿಗಳು ಬಂದರು, ಬೆಳಿಗ್ಗೆ ವ್ಯಾಯಾಮಕ್ಕೆ ತುಳಿಯುವವರು ಬಂದರು, ಅರಮನೆ ಮತ್ತು ಮೃಗಾಲಯ ನೋಡಲು ಬಂದ ಪ್ರವಾಸಿಗಳೂ ಬಂದರು. ಸಾವಿರಾರು ಜನ ಹೆಸರು ನೋಂದಾಯಿಸಿದರು.

ಇಂಥ ವ್ಯವಸ್ಥೆ ನಡೆಯಲು ಮೂರು ವಿಷಯ ಬೇಕು. ಸೈಕಲ್ ಒಂದೇ ಕಡೆ ರಾಶಿ ಬೀಳದ ಹಾಗೆ ದಿನಾ ಗಾಡಿಯಲ್ಲಿ ತುಂಬಿಕೊಂಡು ಖಾಲಿ ನಿಲ್ದಾಣಕ್ಕೆ ಹಾಕುತ್ತಿರಬೇಕು. ಚೈನು, ಬ್ರೇಕು, ಸೀಟು ರಿಪೇರಿ ನಿಲ್ಲಬಾರದು. ನಿಲ್ದಾಣಗಳು ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಸೈಕಲ್ ಹುಡುಕಿಕೊಂಡು ನಡೆಯುವ ದೂರವೇ ಜಾಸ್ತಿಯಾಗುತ್ತದೆ. ಊರಿನ ವಿಸ್ತಾರಕ್ಕೆ 48 ನಿಲ್ದಾಣ ತುಂಬ ಕಡಿಮೆ. ಅದರ ಮೇಲೆ ಲಾಕ್‌ಡೌನ್ ಬಂದು ಎಲ್ಲ ನಿಂತಿತು. ಮತ್ತೆ ತೆರೆಯುವ ಹೊತ್ತಿಗೆ ಸೈಕಲ್ಲುಗಳಿಗೆ ವಯಸ್ಸಾಗಿತ್ತು, ಓಡುವ ಸ್ಥಿತಿಯಲ್ಲಿದ್ದವು ಕಡಿಮೆ. ಎರಡನೇ ಹಂತ, ಹೊಸ ಸೈಕಲ್ಲುಗಳ ಮಾತು ಆಮೇಲೆ ಬಂತು.

ಆದರೆ ಇದೆಲ್ಲಕ್ಕಿಂತ ದೊಡ್ಡ ಕೊರತೆ ದಾರಿಯದ್ದು. ಸೈಕಲ್ ಕೊಟ್ಟು, ಹೋಗಿ ಟ್ರಾಫಿಕ್‌ನಲ್ಲಿ ನಿಮ್ಮ ಜಾಗ ನೀವೇ ಹುಡುಕಿಕೊಳ್ಳಿ ಅಂದ ಹಾಗಾಯಿತು. ಸೈಕಲ್ ದಾರಿ ಅಂತ ಬಣ್ಣ ಬಳಿದರೆ ಅದು ದಾರಿ ಆಗುವುದಿಲ್ಲ. ಎರಡು ದಿನದಲ್ಲಿ ಅಲ್ಲಿ ಕಾರು ನಿಂತಿರುತ್ತದೆ. ಒಂದು ವೃತ್ತದಿಂದ ಶುರುವಾಗಿ ಇನ್ನೊಂದು ವೃತ್ತಕ್ಕೆ ಮುಟ್ಟುವ ಮೊದಲೇ ಮುಗಿದುಹೋಗುವ ಸೈಕಲ್ ದಾರಿಯನ್ನು ನಂಬಿ ಮಕ್ಕಳನ್ನು ಕಳಿಸುವ ತಾಯಿ ಯಾರಿದ್ದಾರೆ? ಅದೂ ಮೈಸೂರಿನ ವೃತ್ತಗಳಲ್ಲಿ, ಎಲ್ಲರೂ ಒಟ್ಟಿಗೆ ನುಗ್ಗುವ ಕಡೆ.

ನಡೆಯುವವರ ಕಥೆಯೂ ಬೇರೆಯಲ್ಲ. ದೇಶದ ರಸ್ತೆಗಳಿಗೆ ಮಾನದಂಡ ಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳ ಬಗ್ಗೆಯೂ ಒಂದು ಮಾನದಂಡ ಮಾಡಿದೆ. ಯಾವ ಅಡ್ಡಿಯೂ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಅಂದರೆ ಸುಮಾರು ಆರು ಅಡಿ. ಫುಟ್‌ಪಾತ್ ಎತ್ತರ 15 ಸೆಂಟಿಮೀಟರ್ ದಾಟಬಾರದು. ಈಗ ನಿಮ್ಮ ಮನೆ ಮುಂದಿನ ಫುಟ್‌ಪಾತ್ ನೆನಪು ಮಾಡಿಕೊಳ್ಳಿ. ಒಂದೂವರೆ ಅಡಿ ಎತ್ತರ, ಮೊಣಕಾಲು ನೋವಿರುವವರು ಹತ್ತಲಾಗದು. ಹತ್ತಿದರೆ ಟ್ರಾನ್ಸ್‌ಫಾರ್ಮರ್. ಅದನ್ನು ದಾಟಿದರೆ ಯಾರದೋ ಮನೆಯವರು ಕಾರು ಹತ್ತಿಸಲು ಹಾಕಿಸಿದ ಇಳಿಜಾರು. ಆಮೇಲೆ ಚಪ್ಪಡಿ ಎದ್ದಿರುವ ಚರಂಡಿ. ಸುಮ್ನೆ ರಸ್ತೆಗೇ ಇಳಿದು ನಡೆಯೋಣ ಅನ್ನಿಸುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ. ಆಗ "ಫುಟ್‌ಪಾತ್ ಮಾಡಿಕೊಟ್ಟರೂ ಜನ ಬಳಸಲ್ಲ" ಎಂಬ ಮಾತು ಬರುತ್ತದೆ.

ಫುಟ್‌ಪಾತ್ ತೆರವು ಅಂದ ಕೂಡಲೇ ಪಾಲಿಕೆಯ ಲಾರಿ ಹೋಗುವುದು ಸೊಪ್ಪು, ಹಣ್ಣು, ಹೂವು ಮಾರುವವರ ಹತ್ತಿರ. ಇದು ನನಗೆ ಸರಿ ಕಾಣುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಮಾಡಬೇಕು, ಗುರುತಿನ ಚೀಟಿ ಕೊಡಬೇಕು, ಎಲ್ಲಿ ಮಾರಬಹುದು ಎಂದು ಜಾಗ ತೋರಿಸಬೇಕು. ಹೂವಿನ ಬುಟ್ಟಿಯನ್ನು ಸಂಜೆ ಮನೆಗೆ ಒಯ್ಯುತ್ತಾರೆ. ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದ ಕಾರು ರಾತ್ರಿಯೂ ಅಲ್ಲೇ ಇರುತ್ತದೆ. ಬೀದಿಯಲ್ಲಿ ವ್ಯಾಪಾರ ಇದ್ದರೆ ಹೆಂಗಸರಿಗೆ ಸಂಜೆ ಹೊತ್ತು ನಡೆಯಲು ಧೈರ್ಯವೂ ಇರುತ್ತದೆ.

ಯಾರನ್ನು ಕೇಳಬೇಕು ಎಂಬುದೇ ಇನ್ನೊಂದು ಕಷ್ಟ. ರಸ್ತೆ ಪಾಲಿಕೆಯದ್ದು, ಕೆಲವು ಲೋಕೋಪಯೋಗಿ ಇಲಾಖೆಯದ್ದು, ಹೊಸ ಬಡಾವಣೆಯಾದರೆ ಅಭಿವೃದ್ಧಿ ಪ್ರಾಧಿಕಾರದ್ದು. ಕಂಬ ವಿದ್ಯುತ್ ಕಂಪನಿ ಸೆಸ್ಕ್‌ನದ್ದು. ಪಾರ್ಕಿಂಗ್ ಹಿಡಿಯುವವರು ಟ್ರಾಫಿಕ್ ಪೊಲೀಸರು. ಕೇಬಲ್‌ಗೆ ಅಗೆದವರು ಯಾರೋ, ಮುಚ್ಚಬೇಕಾದವರು ಯಾರೋ. ಮೊದಲು 65 ವಾರ್ಡಿಗೆ 65 ಕಾರ್ಪೊರೇಟರ್‌ಗಳಿದ್ದರು, ಬೈದಾದರೂ ಕೇಳಬಹುದಿತ್ತು. 2023ರ ಕೊನೆಗೆ ಅವರ ಅವಧಿ ಮುಗಿದ ಮೇಲೆ ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ವಾರ್ಡಿನ ಮುರಿದ ಚಪ್ಪಡಿಯಂಥ ಸಣ್ಣ ದೂರುಗಳಿಗೆ ಇದರಿಂದ ಆಗುವ ನಷ್ಟ ಕಡಿಮೆಯಲ್ಲ.

ಮಾಡಲು ಸಾಧ್ಯವೇ ಇಲ್ಲ ಅನ್ನುವವರಿಗೆ ದಸರೆಯನ್ನು ನೆನಪಿಸಬೇಕು. ಆ ದಿನಗಳಲ್ಲಿ ಅರಮನೆ ಸುತ್ತ ವಾಹನ ತಡೆಯುತ್ತಾರೆ, ಏಕಮುಖ ಸಂಚಾರ ಮಾಡುತ್ತಾರೆ, ಲಕ್ಷಾಂತರ ಜನ ನಡೆದೇ ದೀಪಾಲಂಕಾರ ನೋಡುತ್ತಾರೆ. ದೇವರಾಜ ಅರಸು ರಸ್ತೆಯಲ್ಲಿ ಕಾರು ನಿಲ್ಲಿಸಿ ಓಪನ್ ಸ್ಟ್ರೀಟ್ ಫೆಸ್ಟಿವಲ್ ಮಾಡಿದಾಗ ಕಾಲಿಡಲು ಜಾಗವಿರಲಿಲ್ಲ. ಪಾರಂಪರಿಕ ನಡಿಗೆ, ಪಾರಂಪರಿಕ ಸೈಕಲ್ ಸವಾರಿ ಅಂತಲೂ ಮಾಡುತ್ತಾರೆ. ಇಷ್ಟನ್ನು ಮಾಡಬಲ್ಲ ಅಧಿಕಾರಿಗಳಿಗೆ ಶಾಲೆ ಬಿಡುವ ಹೊತ್ತಿನಲ್ಲಿ ಒಂದು ಬೀದಿಗೆ ಅರ್ಧ ಗಂಟೆ ಕಾರು ಬಿಡದಿರುವುದು ಕಷ್ಟವೇ?

ಕಾನೂನಿನ ಕಡೆಯಿಂದಲೂ ಈಗ ಸ್ವಲ್ಪ ಬಲ ಬಂದಿದೆ. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗಾಗಿ ನಗರ ಭೂ ಸಾರಿಗೆ ನಿರ್ದೇಶನಾಲಯ 2021ರ ಸುಮಾರಿಗೆ ಒಂದು ಮಸೂದೆಯ ಕರಡು ಮಾಡಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ರಾಜ್ಯಗಳು ಮಾರ್ಗಸೂಚಿ ಮಾಡಬೇಕೆಂದು ಸೂಚಿಸಿತು. ಪಾಲಿಕೆ ಮನಸ್ಸು ಬಂದಾಗ ಮಾಡುವ ಉಪಕಾರ ಅಲ್ಲ ಇದು.

ಕೇಳುವುದಾದರೆ ನಾನು ಮೊದಲು ಕೇಳುವುದು ಹೊಸ ಸೈಕಲ್ ಅಲ್ಲ. ಆ ಹಳೇ ಕನ್ಸರ್ವೆನ್ಸಿಗಳನ್ನು. ಅವು ಸಾರ್ವಜನಿಕ ಜಾಗ, ಭೂಸ್ವಾಧೀನ ಬೇಕಿಲ್ಲ, ಯಾರ ಅಂಗಡಿಯನ್ನೂ ಒಡೆಯಬೇಕಿಲ್ಲ. ಎಷ್ಟೋ ಕಡೆ ಕಟ್ಟಡದ ಅವಶೇಷ, ಕಸ, ಕೆಟ್ಟು ನಿಂತ ಗಾಡಿ ತುಂಬಿವೆ. ಬಿಡಿಸಿ, ದೀಪ ಹಾಕಿ, ಒಂದು ಬಡಾವಣೆಯದ್ದನ್ನು ಪಕ್ಕದ ಬಡಾವಣೆಗೆ ಸೇರಿಸಿದರೆ, ದೊಡ್ಡ ರಸ್ತೆ ದಾಟುವ ಕಡೆ ಉಬ್ಬಿಸಿದ ಕ್ರಾಸಿಂಗ್ ಕೊಟ್ಟರೆ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆಯ ಮಕ್ಕಳು ಮುಖ್ಯ ರಸ್ತೆಗೆ ಬರದೆಯೇ ಬಹಳ ದೂರ ಹೋಗಬಹುದು. ಮತ್ತೆ ಕುಕ್ಕರಹಳ್ಳಿ ಕೆರೆ. ಏರಿಯ ಮೇಲೆ ಬೆಳಿಗ್ಗೆ ನಡೆಯಲು ಎಷ್ಟೊಂದು ಜನ ಸ್ಕೂಟರಿನಲ್ಲಿ, ಕಾರಿನಲ್ಲಿ ಬರುತ್ತಾರೆ, ಮನೆಯಿಂದ ಕೆರೆವರೆಗೆ ನಡೆಯುವುದೇ ಕಷ್ಟವಾಗಿರುವುದರಿಂದ. ಸರಸ್ವತಿಪುರಂ, ಪಡುವಾರಹಳ್ಳಿ ಕಡೆಯಿಂದ ಕೆರೆಗೆ ಒಂದೊಂದು ಒಳ್ಳೆಯ ಫುಟ್‌ಪಾತ್ ಸಾಕು.

ಇದಕ್ಕೆ ವಿಶ್ವಬ್ಯಾಂಕ್ ಬೇಕಿಲ್ಲ. ಪಾಲಿಕೆ ಬಜೆಟ್‌ನಲ್ಲಿ ರಸ್ತೆ ಕಾಮಗಾರಿಯ ಹೊಟ್ಟೆಯೊಳಗೆ ಸೇರಿಸದೆ, ಫುಟ್‌ಪಾತ್ ಮತ್ತು ಸೈಕಲ್ ದಾರಿಯ ನಿರ್ವಹಣೆಗೆ ಅಂತಲೇ ಪ್ರತಿ ವರ್ಷ ಒಂದು ಪ್ರತ್ಯೇಕ ಮೊತ್ತ ಇಡಬೇಕು. ಅದಕ್ಕೆ ಉತ್ತರ ಕೊಡುವ ಒಬ್ಬ ಎಂಜಿನಿಯರ್ ಹೆಸರು ಜನರಿಗೆ ಗೊತ್ತಿರಬೇಕು. ಬಜೆಟ್‌ಗೆ ಮುಂಚೆ ಪಾಲಿಕೆ ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆದಾಗ ಈ ಎರಡು ವಿಷಯವನ್ನು ಬರೆದುಕೊಂಡು ಹೋಗಿ, ಓದಿ ಹೇಳಿ, ಸ್ವೀಕೃತಿ ಪತ್ರ ತೆಗೆದುಕೊಂಡೇ ಬನ್ನಿ.