ದುಪ್ಪಟ್ಟಾದ ಕೋರ್‌ಗಳು, ದುಪ್ಪಟ್ಟಾಗದ ವೇಗ

ಕಂಪ್ಯೂಟರ್ ಆಟಗಳ ಚಿತ್ರ ರಚಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಮಾರುಕಟ್ಟೆಗೆ ಬರಲು ಇನ್ನೂ ತಿಂಗಳುಗಳಿರುವಾಗಲೇ ಅದರಲ್ಲಿ ಲೆಕ್ಕ ಮಾಡುವ ಪುಟ್ಟ ಭಾಗಗಳಾದ ಕೋರ್‌ಗಳೆಷ್ಟು, ಮೆಮೊರಿ ಎಷ್ಟು, ಬೆಲೆ ಎಷ್ಟು ಎಂಬ ಸೋರಿಕೆ ಸುದ್ದಿಗಳು ಹರಿದಾಡತೊಡಗುತ್ತವೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳ ಹುಡುಗರೂ ಎನ್‌ವಿಡಿಯಾ ಪಕ್ಷ, ಎಎಂಡಿ ಪಕ್ಷ ಎಂದು ಕಾರ್ಡು ತಯಾರಿಸುವ ಎರಡು ಕಂಪನಿಗಳ ಹೆಸರಿನಲ್ಲಿ ಇಬ್ಭಾಗವಾಗಿ, ಯಾರೂ ಕಣ್ಣಾರೆ ಕಂಡಿಲ್ಲದ ಕಾರ್ಡಿನ ಪರವಾಗಿ ಗಂಟಲು ಹರಿಯುವಂತೆ ವಾದಿಸುತ್ತಾರೆ. ವಾದಿಸುವುದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಕೋರ್‌ಗಳ ಸಂಖ್ಯೆಯೊಂದನ್ನೇ ಹಿಡಿದು ಕಾರ್ಡಿನ ಜಾತಕ ಬರೆಯುವ ಅಭ್ಯಾಸ ಮಾತ್ರ ನನಗೆ ಸಹಿಸಲಾಗದ ಮೂಢನಂಬಿಕೆ.

2020ರ ಸೆಪ್ಟೆಂಬರ್ 1ರಂದು ಎನ್‌ವಿಡಿಯಾ ಆರ್‌ಟಿಎಕ್ಸ್ 3080 ಕಾರ್ಡನ್ನು ಪ್ರಕಟಿಸಿದಾಗ ನಡೆದದ್ದನ್ನು ನೋಡಿ. ಅದರಲ್ಲಿ 4352 ಕೋರ್‌ಗಳಿರುತ್ತವೆ ಎಂದು ಸೋರಿಕೆಗಳು ಹೇಳಿದ್ದವು; ಕಂಪನಿ ಘೋಷಿಸಿದ್ದು 8704. ಹಿಂದಿನ ತಲೆಮಾರಿನ ದೊಡ್ಡ ಕಾರ್ಡಾದ 2080 ಟಿಐಯಲ್ಲಿ ಇದ್ದದ್ದೂ 4352 ಆದ್ದರಿಂದ ವೇಗವೂ ಎರಡು ಪಟ್ಟಾಗುತ್ತದೆ ಎಂದು ಎಲ್ಲರೂ ಕುಣಿದಾಡಿದರು. ಪರೀಕ್ಷೆಗಳು ಹೊರಬಂದಾಗ 4ಕೆ ಪರದೆಯಲ್ಲಿ ಕಂಡ ಹೆಚ್ಚಳ ಸುಮಾರು ಮೂರನೇ ಒಂದು ಭಾಗದಷ್ಟು. ಸೋರಿಕೆಯೂ ಸುಳ್ಳಾಗಿರಲಿಲ್ಲ, ಕಂಪನಿಯೂ ಸುಳ್ಳು ಹೇಳಿರಲಿಲ್ಲ.

ಆಟದ ಒಂದೊಂದು ಚಿತ್ರವನ್ನು ರಚಿಸುವಾಗ ಕಾರ್ಡು ಮುಖ್ಯವಾಗಿ ಎರಡು ಬಗೆಯ ಲೆಕ್ಕ ಮಾಡುತ್ತದೆ. ಬೆಳಕು, ಬಣ್ಣ, ಆಕಾರಗಳಿಗೆ ದಶಾಂಶ ಸಂಖ್ಯೆಗಳ ಲೆಕ್ಕ ಬೇಕು. ಮೆಮೊರಿಯ ಯಾವ ವಿಳಾಸದಿಂದ ಏನನ್ನು ತರಬೇಕು ಎಂಬಂಥ ವಿಷಯಗಳಿಗೆ ಪೂರ್ಣಾಂಕಗಳ ಲೆಕ್ಕ ಬೇಕು. 2080 ಟಿಐಯಲ್ಲಿದ್ದ 2018ರ ಟ್ಯೂರಿಂಗ್ ವಿನ್ಯಾಸದ ಒಂದೊಂದು ಘಟಕದಲ್ಲಿಯೂ ಮೊದಲನೆಯದಕ್ಕೆ 64, ಎರಡನೆಯದಕ್ಕೆ 64 ಎಂದು ಪ್ರತ್ಯೇಕ ಸಾಲುಗಳಿದ್ದವು, ಮತ್ತು ಕೋರ್ ಎಂದು ಎಣಿಸುತ್ತಿದ್ದದ್ದು ಮೊದಲಿನ 64ನ್ನು ಮಾತ್ರ. 3080ಯಲ್ಲಿದ್ದ 2020ರ ಆಂಪಿಯರ್ ವಿನ್ಯಾಸದಲ್ಲಿ ಪೂರ್ಣಾಂಕದ ಸಾಲಿಗೂ ದಶಾಂಶದ ವಿದ್ಯೆಯನ್ನು ಕಲಿಸಲಾಯಿತು. ಕಲಿತ ಮೇಲೆ ಅದನ್ನೂ ಕೋರ್ ಎಂದು ಎಣಿಸಿದರು; 4352 ಹೀಗೆ 8704 ಆಯಿತು.

ಫೆಬ್ರುವರಿಯಲ್ಲಿ ರೋಬಸ್ಟಾ ಕೊಯ್ಲು ಮುಗಿಯುವ ಮೊದಲೇ ಒಳ್ಳೆಮೆಣಸು ಕೊಯ್ಲಿಗೆ ಬರುವ ನಮ್ಮ ತೋಟಗಳನ್ನೇ ನೆನೆದುಕೊಳ್ಳಿ. ಕಾಫಿಗೆ ಒಂದು ಗುಂಪು, ಏಣಿ ಹತ್ತಿ ಮೆಣಸು ಬಿಡಿಸಲು ಅಷ್ಟೇ ಜನರ ಇನ್ನೊಂದು ಗುಂಪು. ಮರುವರ್ಷ ಮೇಸ್ತ್ರಿ ಮೆಣಸಿನವರ ಕೈಗೂ ಕಾಫಿಯ ಚೀಲ ಕೊಟ್ಟು, ಕಾಫಿ ಕೊಯ್ಯುವವರು ದುಪ್ಪಟ್ಟಾದರು ಎಂದು ಪುಸ್ತಕದಲ್ಲಿ ಬರೆದರೆ ಅದು ತಪ್ಪಲ್ಲ. ಆದರೂ ಮೆಣಸಿನ ಗೊನೆಗಳು ಬಳ್ಳಿಯಲ್ಲೇ ಉದುರಿಹೋಗದಂತೆ ಯಾರಾದರೂ ಏಣಿ ಹತ್ತಲೇಬೇಕಲ್ಲ!

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಆಟಗಳಲ್ಲಿ 100 ದಶಾಂಶ ಲೆಕ್ಕಗಳಿಗೆ ಸರಾಸರಿ 36 ಪೂರ್ಣಾಂಕ ಲೆಕ್ಕಗಳು ಬರುತ್ತವೆ ಎಂದು ಎನ್‌ವಿಡಿಯಾ ತಾನೇ ಟ್ಯೂರಿಂಗ್ ಕಾಲದಲ್ಲಿ ಹೇಳಿತ್ತು. ಒಂದು ಸಾಲು ಒಂದು ಗಳಿಗೆಗೆ ಒಂದು ಲೆಕ್ಕ ಮುಗಿಸುತ್ತದೆ ಎಂದಿಟ್ಟುಕೊಂಡರೆ, ಹಳೆಯ ಏರ್ಪಾಟಿನಲ್ಲಿ 100 ಗಳಿಗೆ ಬೇಕು, ಅಷ್ಟರೊಳಗೆ ಪೂರ್ಣಾಂಕದ 36 ಪಕ್ಕದಲ್ಲೇ ಮುಗಿದಿರುತ್ತದೆ. ಹೊಸದರಲ್ಲಿ ಒಟ್ಟು 136 ಲೆಕ್ಕಗಳನ್ನು ಎರಡೂ ಸಾಲುಗಳು ಸಮನಾಗಿ ಹಂಚಿಕೊಂಡರೆ 68 ಗಳಿಗೆ ಸಾಕು. 100ನ್ನು 68ರಿಂದ ಭಾಗಿಸಿದರೆ 1.47, ಅಂದರೆ ಎಲ್ಲವೂ ಅನುಕೂಲವಾಗಿ ಒದಗಿಬಂದರೂ ಈ ಬದಲಾವಣೆಯಿಂದ ಸಿಗುವ ಲಾಭ ಶೇಕಡ 47. ಇನ್ನು ಲೆಕ್ಕಕ್ಕೆ ಬೇಕಾದ ದತ್ತಾಂಶ ಮೆಮೊರಿಯಿಂದ ಬಂದು ತಲುಪಬೇಕು, ಅದರ ವೇಗ ಸೆಕೆಂಡಿಗೆ 616 ಗಿಗಾಬೈಟ್‌ನಿಂದ 760ಕ್ಕೆ ಏರಿತ್ತು, ಅಂದರೆ ಸುಮಾರು ಶೇಕಡ 23ರಷ್ಟು ಮಾತ್ರ. ಈ ಎರಡು ಮಿತಿಗಳ ನಡುವೆ ಮೂರನೇ ಒಂದು ಭಾಗದ ಹೆಚ್ಚಳ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಅದೇ ನವೆಂಬರಿನಲ್ಲಿ ಎಎಂಡಿ ತಂದ ಆರ್‌ಎಕ್ಸ್ 6800 ಎಕ್ಸ್‌ಟಿಯಲ್ಲಿ ಇದ್ದದ್ದು 4608 ಕೋರ್‌ಗಳು. ಕಾಗದದ ಮೇಲೆ ಅದರ ಶಕ್ತಿ 20.7 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ದಶಾಂಶ ಲೆಕ್ಕ), 3080ಯದು 29.8. ಹೀಗಿದ್ದೂ 4ಕೆಗಿಂತ ಒಂದು ಮೆಟ್ಟಿಲು ಕೆಳಗಿನ 1440ಪಿ ಪರದೆಯಲ್ಲಿ ಹೆಚ್ಚಿನ ಆಟಗಳಲ್ಲಿ ಎರಡೂ ಹೆಗಲೆಣೆಯಾಗಿ ಓಡಿದವು. ಮೆಮೊರಿಯ ವೇಗ ಕಡಿಮೆಯಿದ್ದರೂ ಚಿಪ್ಪಿನೊಳಗೇ 128 ಮೆಗಾಬೈಟ್‌ನ ಕ್ಯಾಶೆ ಎಂಬ ಚುರುಕು ಮೆಮೊರಿ ಇಟ್ಟು, ಪದೇ ಪದೇ ಹೊರಗೆ ಹೋಗುವ ಕೆಲಸವನ್ನೇ ಎಎಂಡಿ ತಗ್ಗಿಸಿತ್ತು. ಬೆಳಕಿನ ಕಿರಣಗಳನ್ನು ಬೆನ್ನಟ್ಟುವ ರೇ ಟ್ರೇಸಿಂಗ್‌ನಲ್ಲಿ ಮಾತ್ರ ಅದು ಹಿಂದೆ ಬಿತ್ತು.

ಈ ಭ್ರಮೆ ಹೊಸದೂ ಅಲ್ಲ. ಕೋರ್ ಎಂಬ ಮಾತು ಜನರ ಬಾಯಿಗೆ ಬರುವ ಮೊದಲು ಚಿಪ್ಪಿನ ಬಡಿತದ ವೇಗ ಅಳೆಯುವ ಮೆಗಾಹರ್ಟ್ಸ್ ಇತ್ತು. 2002ರ ಆಗಸ್ಟಿನಲ್ಲಿ ಎಟಿಐ ಕಂಪನಿ 325 ಮೆಗಾಹರ್ಟ್ಸ್‌ನ ರೇಡಿಯಾನ್ 9700 ಪ್ರೊ ತಂದಾಗ, ಎನ್‌ವಿಡಿಯಾದ ಅಭಿಮಾನಿಗಳು 500 ಮೆಗಾಹರ್ಟ್ಸ್‌ನ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾಗಾಗಿ ತಿಂಗಳುಗಟ್ಟಲೆ ಕಾದರು. ಬಂದದ್ದು 128 ಬಿಟ್‌ನ ಕಿರಿದಾದ ಮೆಮೊರಿ ದಾರಿಯಿದ್ದ, ಫ್ಯಾನಿನ ಗದ್ದಲಕ್ಕೇ ಹೆಸರಾದ ಕಾರ್ಡು. 256 ಬಿಟ್‌ನ ರೇಡಿಯಾನ್ ಡೈರೆಕ್ಟ್‌ಎಕ್ಸ್ 9 ಎಂಬ ಆಗಿನ ಹೊಸ ಗ್ರಾಫಿಕ್ಸ್ ತಂತ್ರಾಂಶದ ಆಟಗಳಲ್ಲಿ ಅದನ್ನು ಸುಲಭವಾಗಿ ಹಿಂದಿಕ್ಕಿತು. ಎಟಿಐಯನ್ನು ಎಎಂಡಿ ಕೊಂಡದ್ದು ಆಮೇಲೆ, 2006ರಲ್ಲಿ.

ಈಗಿನ ಮಾಯಾಸಂಖ್ಯೆ ತೆರೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳದ್ದು, ಅಂದರೆ ಫ್ರೇಮ್‌ಗಳದ್ದು. 2025ರ ಜನವರಿಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರಿನ ಆರ್‌ಟಿಎಕ್ಸ್ 5070 ಹಿಂದಿನ 1599 ಡಾಲರಿನ 4090ರ ಸಾಮರ್ಥ್ಯ ಕೊಡುತ್ತದೆ ಎಂದರು. ತೆರೆಯ ಮೇಲಿನ ನಾಲ್ಕು ಚಿತ್ರಗಳಲ್ಲಿ ಮೂರನ್ನು ಕೃತಕ ಬುದ್ಧಿಮತ್ತೆ ಊಹಿಸಿ ತುಂಬಿದರೆ ಮಾತ್ರ ಆ ಮಾತಿಗೆ ಅರ್ಥ. ಕಾರ್ಡು ನಿಜವಾಗಿ ಸೆಕೆಂಡಿಗೆ 30 ಚಿತ್ರ ರಚಿಸಿ 120 ತೋರಿಸಿದಾಗ ನೋಟ ನುಣುಪಾಗುತ್ತದೆ, ಆದರೆ ನೀವು ಒತ್ತಿದ ಗುಂಡಿ ಆಟಕ್ಕೆ ತಲುಪುವುದು ಇನ್ನೂ 33 ಮಿಲಿಸೆಕೆಂಡಿಗೊಮ್ಮೆಯೇ.

ಸೋರಿಕೆಗಳಲ್ಲಿ ನಾನು ಗಂಭೀರವಾಗಿ ಓದುವ ಅಂಕಿ ವಾಟ್‌ಗಳದ್ದು, ಏಕೆಂದರೆ ಶಾಖವನ್ನು ಜಾಹೀರಾತಿನಿಂದ ಮುಚ್ಚಲಾಗದು. 2080 ಟಿಐಗೆ 250, 3080ಗೆ 320, 4090ಗೆ 450, 5090ಗೆ 575 ವಾಟ್ ಎಂದು ಅದು ಏರುತ್ತಲೇ ಬಂದಿದೆ. ಕುಶಾಲನಗರದಲ್ಲಿರುವ ನನ್ನ ಅಣ್ಣನ ಮಗನ ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದರೆ, ಅವನ 3080 ತನ್ನ ಭಾರಕ್ಕೆ ತಾನೇ ಜಗ್ಗಿ ವಾಲಿರುವುದೂ ಅದಕ್ಕೆ ಅವನು ಮರದ ತುಂಡೊಂದನ್ನು ಊರೆ ಕೊಟ್ಟಿರುವುದೂ ಕಾಣುತ್ತದೆ. ಲೆಕ್ಕ ಮಾಡುವ ಚಿಪ್ಪಿನ ವಿಸ್ತಾರ ಸುಮಾರು 6.3 ಚದರ ಸೆಂಟಿಮೀಟರ್ ಮಾತ್ರ. ಆ ಭಾರದಲ್ಲಿ ಹೆಚ್ಚಿನದು ಅದರ ಶಾಖವನ್ನು ಹೊರಹಾಕುವ ಲೋಹದ ರೆಕ್ಕೆಗಳದ್ದು. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಕರೆಂಟು ಹೋದಾಗ, ದೀಪ ಮತ್ತು ಫ್ಯಾನುಗಳಿಗೆಂದು ಹಾಕಿಸಿದ ಇನ್ವರ್ಟರ್ 320 ವಾಟಿನ ಕಾರ್ಡಿಗೇ ಒದ್ದಾಡುತ್ತದೆ. ಮುಂದಿನ ಕಾರ್ಡಿನಲ್ಲಿ ಕೋರ್‌ಗಳೆಷ್ಟಿರಬಹುದು ಎಂದು ಅವನು ಫೋನಿನಲ್ಲಿ ಕೇಳಿದಾಗಲೆಲ್ಲ, ಹೊಸ ಇನ್ವರ್ಟರಿನ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡಿದ್ದೀಯಾ ಎಂದು ನಾನು ಕೇಳುತ್ತೇನೆ.