ತುಮಕೂರಿನ ಚಿರತೆ: ಬೋನಿಟ್ಟರೂ ಮುಗಿಯದ ಕತೆ

ತುಮಕೂರು ಜಿಲ್ಲೆಯ ಕುರಿ ಸಾಕುವವರ ಹತ್ತಿರ ಮಾತಿಗೆ ಕೂತರೆ ಚಿರತೆ ಸುದ್ದಿ ಬಂದೇ ಬರುತ್ತದೆ. 'ಹಿಡ್ಕೊಂಡು ಹೋಗ್ಲಿ' ಅಂತ ಒಬ್ಬರು, 'ಹಿಡಿದ್ರೆ ಇನ್ನೊಂದು ಬರುತ್ತೆ' ಅಂತ ಇನ್ನೊಬ್ಬರು. ಇಬ್ಬರದೂ ಅನುಭವದ ಮಾತೇ.

ರಾಜರ ಕಾಲದಲ್ಲಿ ಚಿರತೆ ಕೊಂದವರಿಗೆ ಇನಾಮು ಸಿಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೊಂದರೆ ಜೈಲು. ರಾಜ್ಯದಲ್ಲಿ 2018ರಲ್ಲಿ 1,783 ಇದ್ದ ಚಿರತೆಗಳ ಅಂದಾಜು 2022ಕ್ಕೆ 1,879 ಆಯಿತು. ಏರಿಕೆ ಅಷ್ಟು ದೊಡ್ಡದಲ್ಲ. ಆದರೆ ಅದು ಹೆಚ್ಚಾಗಿ ಕಾಡಿನ ಲೆಕ್ಕ. ನಮ್ಮ ಕಡೆಯ ಚಿರತೆಗೆ ದಟ್ಟ ಕಾಡೇ ಬೇಕಿಲ್ಲ. ದೇವರಾಯನದುರ್ಗ, ಮಧುಗಿರಿಯಂಥ ಕಡೆ ಬಂಡೆಗಳ ಸಂದಿ ಸಾಕು, ಬೀಳುಬಿಟ್ಟ ಜಮೀನಿನ ಲಂಟಾನ ಪೊದೆ ಸಾಕು. ಊಟಕ್ಕೆ ಬೀದಿನಾಯಿ ಇದ್ದೇ ಇದೆ. ಸತ್ತ ದನವನ್ನು ತಿಂದು ಮುಗಿಸುತ್ತಿದ್ದ ರಣಹದ್ದು, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿಯಿಂದ ಕಣ್ಮರೆಯಾದ ಮೇಲೆ, ಊರಾಚೆ ಎಸೆದದ್ದೆಲ್ಲ ನಾಯಿಗಳ ಪಾಲು. ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆ, ಅಲ್ವಾ?

2019-20ರಲ್ಲಿ ಹೆಬ್ಬೂರು ಸುತ್ತಮುತ್ತ ಇದು ಕುರಿ-ನಾಯಿಯ ವಿಷಯವಾಗಿ ಉಳಿಯಲಿಲ್ಲ. ಪುಟ್ಟ ಮಕ್ಕಳೂ ಚಿರತೆ ಬಾಯಿಗೆ ಸಿಕ್ಕಿ ತೀರಿಕೊಂಡರು. ಸಂಜೆ ಆಗುತ್ತಲೇ ಮನೆ ಬಾಗಿಲು ಹಾಕುವ ದಿನಗಳು ಅವು. ಊರೂರಿಗೆ ಬೋನು ಬಂತು. ಜನ ಬೋನು ಕೇಳಿದ್ದು ತಪ್ಪಲ್ಲ. ಮಗು ಕಳೆದುಕೊಂಡ ಮನೆಯವರಿಗೆ ಬೇರೆ ಏನು ಹೇಳಲು ಸಾಧ್ಯ?

ಕಷ್ಟ ಶುರುವಾಗುವುದು ಬೋನಿಗೆ ಬಿದ್ದ ಮೇಲೆ. ಒಂದು ಚಿರತೆ ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಬೇರೆ ಕಡೆ ಬಿಟ್ಟದ್ದು ಅಲ್ಲಿ ನೆಲೆ ಸಿಗದೆ ಅಲೆಯುತ್ತದೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ 2003ರವರೆಗೆ ಹೀಗೆ ಹಿಡಿದು ಹಿಡಿದು ಬಿಟ್ಟರು. ಜನರ ಮೇಲಿನ ದಾಳಿ ಜಾಸ್ತಿಯೇ ಆಯಿತು. ಸುಮ್ನೆ ಹಿಡಿದು ಬೇರೆಡೆ ಬಿಡಬೇಡಿ ಅಂತ 2011ರಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂತು.

ಹಾಗಾದರೆ ಕುರಿ ಉಳಿಸುವುದು ಹೇಗೆ? ಶಿರಾ ಕಡೆಯ ಒಂದು ರೊಪ್ಪ, ಅಂದರೆ ಕುರಿ ದೊಡ್ಡಿ, ನೋಡಿದೆ. ಎದೆಮಟ್ಟ ಕಲ್ಲಿನ ಗೋಡೆ, ಅದರ ಮೇಲೆ ಜಾಲಿ ಮುಳ್ಳು. ಒಂದು ಮೂಲೆಯಲ್ಲಿ ಮುಳ್ಳು ಕುಸಿದಿತ್ತು. ಚಿರತೆ ಇಳಿದದ್ದು ಅಲ್ಲಿಂದಲೇ. ಮರಿಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಸತ್ತ ಕುರಿಯ ಗಂಟಲಲ್ಲಿ ನಾಲ್ಕೇ ತೂತು. ಪರಿಹಾರಕ್ಕೆ ಬೇಕಾದ ಫೋಟೊ, ಮಹಜರು, ಪಶುವೈದ್ಯರ ಪತ್ರ ಆಗುವವರೆಗೆ ಹೆಣ ಅಲುಗಿಸುವಂತಿಲ್ಲ ಅಂತ ಮನೆಯ ಅಜ್ಜಿ ಅದರ ಮೇಲೆ ಕಂಬಳಿ ಹೊದಿಸಿ ಕೂತಿದ್ದರು. ಮೇಲೆ ಗಟ್ಟಿ ಜಾಲರಿ, ಭದ್ರವಾದ ಬಾಗಿಲು ಇದ್ದಿದ್ದರೆ ಆ ಕುರಿ ಉಳಿಯುತ್ತಿತ್ತು. ಪರಿಹಾರದ ಹಣ ಕುರಿ ಸತ್ತ ಮೇಲೆ ಬರುವುದು. ಜಾಲರಿಯ ಹಣ ಮೊದಲೇ ಬರಬೇಕು.

ರೊಪ್ಪ ಇದ್ದವರ ಮಾತಾಯಿತು. ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸಿ ಬಯಲಲ್ಲೇ ಮಲಗುವವರ ಹತ್ತಿರ ಇರುವುದು ಒಂದು ನೂಲಿನ ಬಲೆ, ಎರಡು ನಾಯಿ, ಒಂದು ಟಾರ್ಚು. ಊರಿಂದೂರಿಗೆ ನಡೆಯುವ ಅವರಿಗೆ ಕಲ್ಲು ಗೋಡೆ ಕಟ್ಟಿಕೊಟ್ಟು ಏನೂ ಉಪಯೋಗವಿಲ್ಲ. ಮಡಚಿ ಕತ್ತೆ ಮೇಲೆ ಹೇರಿಕೊಂಡು ಹೋಗುವಂಥ ಗಟ್ಟಿ ಬಲೆ ಬೇಕು.